ಅಪ್ಪನ ಪಿಕಪ್ಪಿಗೆ ವೈರ್‌ಲೆಸ್ ಕೂಡಿಸಿದ ಹಂಗಾಮು

ಪಿಕಪ್ಪಿನ ಟಾಪಿನ ನಟ್ಟನಡುವೆ ತೂತು ಕೊರೆಯಬೇಕು ಎಂದು ಹುಬ್ಬಳ್ಳಿಯಿಂದ ಬಂದಿದ್ದ ಫಿಟ್ಟರ್ ಹೇಳಿದ ಕೂಡಲೇ ಅಪ್ಪ ಗಾಡಿಯ ಕೀಲಿಯನ್ನು ಕಿಸೆಗೆ ಹಾಕಿಕೊಂಡು ಹೋಗಿ ಬೇವಿನ ಗಿಡದ ಕೆಳಗೆ ನಿಂತುಬಿಟ್ಟ. ಡ್ರಿಲ್ ಮಷಿನ್ನಿಗೆ ಕರೆಂಟು ಎಳೆದಾಗಿತ್ತು. ಆಂಟೆನಾದ ಉಕ್ಕಿನ ಕಡ್ಡಿ, ಕಪ್ಪು ಕೇಬಲ್ಲಿನ ಸುರುಳಿ, ಇಟ್ಟಿಗೆಯಷ್ಟು ಭಾರದ ವೈರ್‌ಲೆಸ್ ಸೆಟ್ಟು ಎಲ್ಲವೂ ಒಂದು ಗೋಣಿತಟ್ಟಿನ ಮೇಲೆ ಬಿಸಿಲಿಗೆ ಬಿದ್ದಿದ್ದವು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಇಬ್ಬರ ನಡುವೆ ನಿಂತಿದ್ದೆ.

"ಕಾಕಾ, ಕೀಲಿ ಕೊಡ್ರಿ. ಬ್ಯಾನೆಟ್ ತಗದು ಬ್ಯಾಟರಿ ಬಿಚ್ಚಬೇಕು," ಅಂದ ಫಿಟ್ಟರ್.

"ಟಾಪಿಗೆ ತೂತ ಹೊಡದ್ರ ಮಳಿ ನೀರ ಒಳಗ ಇಳೀತೈತಿ. ಬೇಕಾದ್ರ ಬಂಪರಿಗೆ ಕಟ್ಕೋರಿ."

"ಬಂಪರಿಗೆ ಕಟ್ಟಿದ್ರ ಒಂದ ಕಡೆ ಕೇಳಸ್ತೈತಿ, ಇನ್ನೊಂದ ಕಡೆ ಕೇಳ್ಸಾಂಗಿಲ್ರಿ. ನಡಕ ನಿಂತ್ರ ನಾಕೂ ದಿಕ್ಕಿಗೆ ಸರಿ. ಬುಡಕ್ಕ ರಬ್ಬರ್ ವಾಶರ್ ಹಾಕ್ತೇನಿ, ಒಂದ ಹನಿ ಬಂದ್ರ ನನ್ನ ಕೇಳ್ರಿ."

ಅಪ್ಪ ಅವನ ಮುಖವನ್ನು ಬಿಟ್ಟುಬಿಡದೆ ನೋಡುತ್ತ ಕೇಳಿಸಿಕೊಂಡ. ಆದರೂ ಕಿಸೆಯಿಂದ ಕೈ ತೆಗೆಯಲಿಲ್ಲ. ಕೊನೆಗೆ ಕಬ್ಬು ವಿಭಾಗದ ಸಾಹೇಬರೇ ಆಫೀಸಿನಿಂದ ಇಳಿದು ಬಂದು, "ಕಾಕಾ, ಎಲ್ಲಾ ಗಾಡಿಗೂ ಕೂಡ್ಸಾಕತ್ತೇವಿ. ನಿಮಗೊಬ್ಬರಿಗೆ ಬ್ಯಾಡ ಅಂದ್ರ ಹೆಂಗ?" ಅಂದ ಮೇಲೆ ಕೀಲಿ ನನ್ನ ಕೈಗೆ ಬಂತು. ಅದು ಬೆವರಿನಿಂದ ಒದ್ದೆಯಾಗಿತ್ತು. ಮಳೆನೀರಿನ ಮಾತಿಗೆ ಯಾರಾದರೂ ಇಷ್ಟು ಬೆವರುತ್ತಾರೆಯೇ ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಡ್ರಿಲ್ಲಿನ ಗದ್ದಲದಲ್ಲಿ ಅದನ್ನು ಮರೆತೆ.

ಆಗ ತೊಂಬತ್ತರ ದಶಕ ಶುರುವಾಗಿತ್ತು. ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜಿನ ಹಿಂದೆ ನೀರು ನಿಂತು, ಮೊದಲು ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲೆಲ್ಲ ಕಬ್ಬು ಬಂದಿತ್ತು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ಕಡೆಗೆ ನಮ್ಮ ಸಕ್ಕರೆ ಕಾರ್ಖಾನೆ. ಸಾವಳಗಿಯವರೆಗೂ ನಮ್ಮ ಗ್ಯಾಂಗುಗಳು ಕಬ್ಬು ಕಡಿಯುತ್ತಿದ್ದವು. ಯಾವ ಗ್ಯಾಂಗು ಎಲ್ಲಿದೆ, ಯಾವ ಟ್ರ್ಯಾಕ್ಟರು ಎಲ್ಲಿ ಕೆಟ್ಟು ನಿಂತಿದೆ ಎಂಬುದು ಕಾರ್ಖಾನೆಗೆ ತಿಳಿಯುವಷ್ಟರಲ್ಲಿ ಕಡಿದ ಕಬ್ಬು ಒಣಗುತ್ತಿತ್ತು. ಹಾಗಾಗಿ ಸರಕಾರದ ಪರವಾನಗಿ ತೆಗೆದು ವೈರ್‌ಲೆಸ್ ತರಿಸಿದ್ದರು. ನೀರಿನ ಟಾಕಿಯ ಮೇಲೆ ದೊಡ್ಡ ಆಂಟೆನಾ, ಅದರ ಕೆಳಗಿನ ಕೋಣೆಯಲ್ಲಿ ಬೇಸ್, ಅಂದರೆ ಎಲ್ಲ ಗಾಡಿಗಳನ್ನೂ ಕರೆಯುವ ಮೂಲ ಸೆಟ್ಟು. ಬೇಸಿನ ಕುರ್ಚಿ ನನ್ನದು. ನಾನು ಐಟಿಐಯಲ್ಲಿ ರೇಡಿಯೊ-ಟೀವಿ ಕೋರ್ಸು ಮಾಡಿದ್ದೆ. ಆ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಸೆಟ್ಟು ಕೂಡಿಸುವಾಗ ಕೈಜೋಡಿಸಬೇಕು, ಆಮೇಲೆ ಅದರಲ್ಲಿ ಮಾತಾಡಬೇಕು, ಇದೇ ನನ್ನ ಕೆಲಸ.

ಅಪ್ಪ ಆ ಕಾರ್ಖಾನೆಯಲ್ಲಿ ನನಗಿಂತ ಎಷ್ಟೋ ಮೊದಲಿನಿಂದ ಡ್ರೈವರ್. ಅದಕ್ಕೂ ಮೊದಲು ಬನಹಟ್ಟಿಯ ಪವರ್‌ಲೂಮಿನಲ್ಲಿ ನೇಯುತ್ತಿದ್ದ. ನಮ್ಮ ಮನೆ ಇದ್ದದ್ದೂ ಬನಹಟ್ಟಿಯಲ್ಲೇ, ಎರಡೂ ಬದಿಗೆ ಮಗ್ಗದ ಶೆಡ್ಡುಗಳಿದ್ದ ಓಣಿಯಲ್ಲಿ. ಕರೆಂಟು ಹೋದಾಗ ಮಾತ್ರ ನಮ್ಮ ಓಣಿಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಶೆಡ್ಡಿನ ಒಳಗೆ ಅದೂ ಇಲ್ಲ. ಅಲ್ಲಿ ಎಲ್ಲರೂ ತುಟಿ ನೋಡಿ, ಕೈ ನೋಡಿ ಮಾತಾಡುತ್ತಾರೆ. ಸಣ್ಣವಳಿದ್ದಾಗ ಅಪ್ಪನಿಗೆ ಬುತ್ತಿ ಒಯ್ದರೆ, ಆ ಗದ್ದಲದಲ್ಲಿ ಗಂಡಸರು ಬಾಯಿ ಆಡಿಸುತ್ತ ನಗುವುದನ್ನು ಕಂಡು ನನಗೆ ಅಂಜಿಕೆಯಾಗುತ್ತಿತ್ತು.

ತೂತು ಕೊರೆದದ್ದಾಯಿತು. ತಗಡಿನ ಸಣ್ಣ ಸಣ್ಣ ಚೂರುಗಳು ಸೀಟಿನ ಮೇಲೆ ಉದುರಿದವು. ಆಂಟೆನಾದ ಬುಡ ಕೂರುವಲ್ಲಿ ನಾನು ಒಳಗಿನಿಂದ ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿದೆ. ಬಣ್ಣದ ಮೇಲೆ ಕೂಡಿಸಿದರೆ ಅರ್ಥ್ ಸಿಗುವುದಿಲ್ಲ. ಕೇಬಲ್ಲನ್ನು ಬಾಗಿಲಿನ ಕಂಬದ ಒಳಗಿಂದ ಇಳಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಸೆಟ್ಟು ಬಿಗಿದು, ಕರೆಂಟನ್ನು ನೇರ ಬ್ಯಾಟರಿಯಿಂದ ಫ್ಯೂಜ್ ಹಾಕಿ ತಂದೆವು. ಎಂಜಿನ್ ಚಾಲೂ ಮಾಡಿದಾಗ ಸ್ಪೀಕರಿನಲ್ಲಿ ಡೈನಮೋದ ಕೂಗು ಬಂತು. ಅದಕ್ಕೆ ಕಂಡೆನ್ಸರ್ ಹಾಕಿ ಅಡಗಿಸಿದೆವು. ಮೈಕ್ ತೂಗುಹಾಕಲು ಸ್ಟೇರಿಂಗಿನ ಎಡಕ್ಕೆ ಕೊಕ್ಕೆ. ಟಾಪಿನ ಮೇಲೆ ಕಡ್ಡಿ ನೆಟ್ಟಗೆ ನಿಂತು ಗಾಳಿಗೆ ತುಯ್ಯುತ್ತಿತ್ತು.

"ಈಗ ನೀವು ಬೇಸಿಗೆ ಹೋಗಿ ಕರೀರಿ," ಎಂದು ಫಿಟ್ಟರ್ ನನ್ನನ್ನು ಕಳಿಸಿದ. ಅಪ್ಪ ಸ್ಟೇರಿಂಗಿನ ಮುಂದೆ, ಫಿಟ್ಟರ್ ಅವನ ಪಕ್ಕದಲ್ಲಿ. ನಾನು ಕೋಣೆಗೆ ಓಡಿಹೋಗಿ ಗುಂಡಿ ಒತ್ತಿ, ಕಲಿಸಿಕೊಟ್ಟಿದ್ದಂತೆ ಅಪ್ಪನ ಗಾಡಿಯನ್ನು ಅದರ ವೈರ್‌ಲೆಸ್ ಹೆಸರಿನಿಂದ ಕರೆದೆ. "ಮೊಬೈಲ್ ಟೂ, ಮೊಬೈಲ್ ಟೂ, ಬೇಸ್ ಕಾಲಿಂಗ್, ಓವರ್."

ಕಿಟಕಿಯಿಂದ ಗಾಡಿ ಕಾಣುತ್ತಿತ್ತು. ಅಪ್ಪ ಕದಲಲಿಲ್ಲ. ಮತ್ತೆ ಕರೆದೆ. ಫಿಟ್ಟರ್ ಅಪ್ಪನ ಕಡೆ ತಿರುಗಿ ಏನೋ ಹೇಳಿದ, ಆಮೇಲೆ ತಾನೇ ಮೈಕ್ ಎತ್ತಿಕೊಂಡು, "ಛಲೋ ಬರಾಕತ್ತೈತ್ರಿ, ಗಂಟಿ ಹೊಡದಂಗ ಐತಿ, ಓವರ್," ಅಂದ. ನಾನು ಹೊರಗೆ ಬರುವಷ್ಟರಲ್ಲಿ ಅಪ್ಪ ಗಾಡಿಯಿಂದ ಇಳಿದಿದ್ದ. "ಈ ಸೆಟ್ಟ ಸರಿ ಇಲ್ಲ," ಅಂದ. "ಬರೇ ಗುಂಯ್ ಅಂತೈತಿ." ಫಿಟ್ಟರ್ ನಕ್ಕ. ನಾನು ನಗಲಿಲ್ಲ. ಅಪ್ಪ ಸುಳ್ಳು ಹೇಳುವವನಲ್ಲ, ಸೆಟ್ಟಿನಲ್ಲಿ ಏನೋ ಇದೆ ಎಂದು ನನಗೆ ಆ ಕ್ಷಣದಿಂದಲೇ ಕೊರೆಯತೊಡಗಿತು.

ಕಬ್ಬು ನುರಿಸುವ ಹಂಗಾಮು ಶುರುವಾಯಿತು. ಚಿಮಣಿಯ ಹೊಗೆ, ಕಬ್ಬಿನ ಹಾಲಿನ ಸಿಹಿ ವಾಸನೆ, ಯಾರ್ಡಿನಲ್ಲಿ ಟ್ರ್ಯಾಕ್ಟರುಗಳ ಸಾಲು. ಬೆಳಗಿನಿಂದ ಸಂಜೆಯವರೆಗೆ ನಾನು ಗಾಡಿಗಳನ್ನು ಕರೆಯುತ್ತಿದ್ದೆ. ಮೊಬೈಲ್ ವನ್ ಸಾಹೇಬರ ಜೀಪು. ತಟ್ಟನೆ ಉತ್ತರ ಬರುತ್ತಿತ್ತು. ಇನ್ನೊಂದು ಗಾಡಿ ಮೊಬೈಲ್ ಥ್ರೀಯೂ ಹಾಗೇ. ಅಪ್ಪನ ಮೊಬೈಲ್ ಟೂ ಮಾತ್ರ ನನಗೆ ಉತ್ತರ ಕೊಡುತ್ತಿರಲಿಲ್ಲ. ಕೊಟ್ಟರೂ ಅದು ನಾನು ಕೇಳಿದ್ದಕ್ಕೆ ಹೊಂದುತ್ತಿರಲಿಲ್ಲ. "ಎಲ್ಲಿದ್ದೀರಿ?" ಎಂದು ಕೇಳಿದರೆ "ಹೂಂ, ಹೊಂಟೇನಿ" ಎಂದು ಬರುತ್ತಿತ್ತು. "ಗ್ಯಾಂಗಿಗೆ ನೀರು ಮುಟ್ಟಿತೇ?" ಅಂದರೂ "ಹೊಂಟೇನಿ, ಹೊಂಟೇನಿ." ಅದೇ ಸಾಹೇಬರು ಬಂದು ನನ್ನ ಮೈಕ್ ಇಸಿದುಕೊಂಡು ಮಾತಾಡಿದರೆ ಅಪ್ಪ ಚೊಕ್ಕವಾಗಿ, ಓವರ್ ಹೇಳಿ, ಎಲ್ಲದಕ್ಕೂ ಉತ್ತರ ಕೊಡುತ್ತಿದ್ದ.

ನಾನು ಸೆಟ್ಟು ಬಿಚ್ಚಿದೆ. ಕೇಬಲ್ಲಿನ ಜೋಡಣೆ ಮತ್ತೆ ಬೆಸುಗೆ ಹಾಕಿದೆ. ಕಡ್ಡಿಯ ಬುಡವನ್ನು ಇನ್ನೊಮ್ಮೆ ಕೆರೆದು ಅರ್ಥ್ ನೋಡಿದೆ. ಕಡೆಗೆ ಅಪ್ಪನ ಸೆಟ್ಟನ್ನು ತೆಗೆದು ಮೊಬೈಲ್ ಥ್ರೀಗೆ ಹಾಕಿ, ಅದರದ್ದನ್ನು ಅಪ್ಪನ ಗಾಡಿಗೆ ಕೂಡಿಸಿದೆ. ಮರುದಿನ ಮೊಬೈಲ್ ಥ್ರೀ ಎಂದಿನಂತೆ ಮಾತಾಡಿತು. ಅಪ್ಪನ ಗಾಡಿ ಎಂದಿನಂತೆ ಸುಮ್ಮನಿತ್ತು. ಕೆಟ್ಟದ್ದು ಯಂತ್ರದಲ್ಲಿದ್ದರೆ ಹುಡುಕಬಹುದು. ಯಂತ್ರ ಸರಿಯಿದೆ ಎಂದ ಮೇಲೆ ನಾನು ಎಲ್ಲಿ ಕೈ ಹಾಕಲಿ?

ನನಗೆ ಸಿಕ್ಕ ಉತ್ತರ ಒಂದೇ: ಅಪ್ಪನಿಗೆ ನಾಚಿಕೆಯಾಗಿದೆ. ಮಗಳ ದನಿ ಗಾಡಿಯ ಸ್ಪೀಕರಿನಲ್ಲಿ ಹತ್ತು ಗಂಡಸರ ಮುಂದೆ ಬರುವುದು ಅವನಿಗೆ ಬೇಕಿಲ್ಲ. ನಾನು ಕಲಿಯುವುದಕ್ಕೆ ಅವನು ಎಂದೂ ಅಡ್ಡ ಬಂದಿರಲಿಲ್ಲ, ನೌಕರಿಗೆ ಅರ್ಜಿ ಹಾಕಿಸಿದವನೂ ಅವನೇ. ಆದರೆ ಮನುಷ್ಯನ ಮನಸ್ಸು ಎಲ್ಲಿ ತಿರುಗುತ್ತದೋ ಯಾರಿಗೆ ಗೊತ್ತು? ಒಂದು ಸಂಜೆ ಕಾರ್ಖಾನೆಯ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವನ ಪಕ್ಕ ಕೂತು ಕೇಳಿಯೇಬಿಟ್ಟೆ. "ಅಪ್ಪಾ, ನಾ ಕರದ್ರ ಯಾಕ ಓ ಅನ್ನಾಂಗಿಲ್ಲ ನೀ? ನಾ ಏನ ತಪ್ಪ ಮಾಡೇನಿ?" ಬಸ್ಸಿನಲ್ಲಿ ದೀಪವಿರಲಿಲ್ಲ. ಅಪ್ಪ ಮುಂದಿನ ಸೀಟಿನ ಸರಳು ಹಿಡಿದುಕೊಂಡು ಎದುರಿಗೆ ನೋಡುತ್ತಲೇ ಕೂತಿದ್ದ. ಮುಖ ಕೂಡ ತಿರುಗಿಸಲಿಲ್ಲ. ಇದಕ್ಕಿಂತ ಸ್ಪಷ್ಟ ಉತ್ತರ ಬೇರೆ ಏನಿದೆ ಎಂದುಕೊಂಡೆ. ಜಮಖಂಡಿ ದಾಟುವವರೆಗೂ ಕಿಟಕಿಗೆ ತಲೆ ಕೊಟ್ಟು ಅತ್ತೆ.

ಮನೆಯಲ್ಲಿ ಅವ್ವ ಮಗ್ಗದವರಿಗೆ ಲಾಳಿಯೊಳಗಿನ ನೂಲಿನ ಕಂಡಿಕಿ ಸುತ್ತಿಕೊಡುತ್ತಿದ್ದಳು. ನೂಲಿನ ರಾಟೆ ತಿರುಗಿಸುತ್ತಲೇ ನನ್ನ ಮಾತು ಕೇಳಿ, "ನನಗ ಎಂದ ಓ ಅಂದಾನ ನಿಮ್ಮಪ್ಪ?" ಅಂದಳು. "ಬಚ್ಚಲದಾಗಿಂದ ಕರದ್ರ ಬರಾಂಗಿಲ್ಲ, ಅಡಗಿ ಮನ್ಯಾಗಿಂದ ಕರದ್ರ ಬರಾಂಗಿಲ್ಲ. ಮುಂದ ಹೋಗಿ ನಿಂದ್ರಬೇಕ. ಹೆಂಗಸರ ಮಾತಂದ್ರ ಅವಂಗ ಗಾಳಿಗೆ ಹೋದಂಗ. ಸೊಕ್ಕ ಅದು. ನೀ ಈಗ ಕಂಡಿ, ನಾ ಲಗ್ನಾದಾಗಿಂದ ಕಂಡೇನಿ."

ಅವ್ವ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಎಷ್ಟೋ ವರ್ಷಗಳಿಂದ ಒಪ್ಪಿಕೊಂಡು ಕೂತ ವಿಷಯವನ್ನು ಹೇಳುವ ಹಾಗೆ ಹೇಳಿದಳು.

ಆ ವರ್ಷ ಚಳಿ ಬೇಗ ಹೋಯಿತು. ಬಿಸಿಲು ಏರುತ್ತಿದ್ದಂತೆ ಕಬ್ಬಿನ ಗರಿಯ ರವದಿ ಒಣಗಿ ಕಾಗದದಂತೆ ಸರಸರ ಎನ್ನತೊಡಗಿತು. ಬೀಳಗಿ ಕಡೆ ಕಬ್ಬಿನ ಒಂದು ಪಡ, ಇಡೀ ಹೊಲವೇ, ಸುಟ್ಟಿತು. ಸಾವಳಗಿ ಹತ್ತಿರ ಇನ್ನೊಂದು. ಬೆಳೆದು ನಿಂತ ಕಬ್ಬಿಗೆ ಬೆಂಕಿ ಬಿದ್ದರೆ ಅದು ಓಡುವ ಎತ್ತಿಗಿಂತ ಜೋರಾಗಿ ಹೋಗುತ್ತದೆ. ಒಳಗೆ ಸಿಕ್ಕವರಿಗೆ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದೂ ಕಾಣುವುದಿಲ್ಲ. ಸಾಹೇಬರು ನನ್ನ ಕೋಣೆಗೆ ಬಂದು, "ಎಲ್ಲಿ ಬೆಂಕಿ ಬಿದ್ರೂ ಸುದ್ದಿ ಮೊದಲ ನಿನಗ ಬರಬೇಕು ಅಂತ ಎಲ್ಲಾ ಊರಿಗೂ ಹೇಳೇನಿ. ನೀನು ಕೂಡಲೇ ಗಾಡಿಗಳನ್ನ ನಿಂದ್ರಸು," ಅಂದರು. ನಾನು ಹೂಂ ಅಂದೆ. ಅವರು ಹೋದ ಮೇಲೆ ಮೈಕ್ ಕಡೆ ನೋಡುತ್ತ ಕೂತೆ. ನನ್ನ ಕರೆಗೆ ನಿಲ್ಲದ ಗಾಡಿ ಒಂದಿತ್ತು. ಆ ಗಾಡಿಯ ಹಿಂದೆ ದಿನಾ ಎರಡು ಬ್ಯಾರಲ್ ಡೀಸೆಲ್ ಇರುತ್ತಿತ್ತು. ಹೊಲದಲ್ಲಿ ನಿಂತ ಟ್ರ್ಯಾಕ್ಟರುಗಳಿಗೆ ಎಣ್ಣೆ ಮುಟ್ಟಿಸುವುದು ಅಪ್ಪನ ಕೆಲಸ.

ಮಾರನೆಯ ದಿನವೇ ನಾನು ಸಾಹೇಬರಿಗೆ ಹೇಳಿದೆ, ಮೊಬೈಲ್ ಟೂ ನನಗೆ ಸರಿಯಾಗಿ ಉತ್ತರ ಕೊಡುತ್ತಿಲ್ಲ, ಸೆಟ್ಟು ಬದಲಿಸಿದರೂ ಅಷ್ಟೇ ಎಂದು. ಅವರು ನನ್ನ ಮುಂದೆಯೇ ಅಪ್ಪನನ್ನು ಕರೆದರು. ಅಪ್ಪ ತಕ್ಷಣ ಮಾತಾಡಿದ. ಸಾಹೇಬರು ನಗುತ್ತ ಮೈಕ್ ಕೆಳಗಿಟ್ಟರು. "ಅಪ್ಪ ಮಗಳ ಜಗಳ ಮನ್ಯಾಗ ಇಟ್ಕೋರಿ," ಅಂದರು.

ಅದಾಗಿ ಕೆಲವು ದಿನಕ್ಕೆ ಒಂದು ಮಧ್ಯಾಹ್ನ, ಊಟ ಮುಗಿದು ಯಾರ್ಡು ತೂಕಡಿಸುತ್ತಿತ್ತು. ಸಾಹೇಬರು ವಿಜಾಪುರಕ್ಕೆ ಹೋಗಿದ್ದರು, ಅವರ ಜೀಪು ನಮ್ಮ ಸೆಟ್ಟಿನ ದನಿ ಮುಟ್ಟುವ ದೂರದ ಆಚೆಗಿತ್ತು. ಅಪ್ಪ ಎಣ್ಣೆ ತುಂಬಿಕೊಂಡು ಚಿಕ್ಕಪಡಸಲಗಿಯ ದಂಡೆಗೆ ಹೋಗಿದ್ದ. ಟೆಲಿಫೋನಿನ ಗಂಟೆ ಬಾರಿಸಿತು. ಆ ಊರಿನ ಸೊಸೈಟಿಯಿಂದ ಯಾರೋ ಒದರುತ್ತಿದ್ದರು.

"ಹೊಳಿ ದಂಡಿ ಪಡಕ್ಕ ಬೆಂಕಿ ಹತ್ತೇತ್ರಿ! ಗಾಳಿ ಬಂಡಿ ದಾರಿ ಕಡೆ ಬೀಸಾಕತ್ತೈತಿ. ನಿಮ್ಮ ಎಣ್ಣಿ ಗಾಡಿ ಈಗ ಊರ ದಾಟಿ ಹೋತು. ಒಳಗ ಹೋಗಾಕ ಬಿಡಬ್ಯಾಡ್ರಿ!"

ನಾನು ರಿಸೀವರ್ ಇಡಲೂ ಇಲ್ಲ. ಇನ್ನೊಂದು ಕೈಯಿಂದ ಗುಂಡಿ ಒತ್ತಿದೆ. "ಮೊಬೈಲ್ ಟೂ, ಮೊಬೈಲ್ ಟೂ, ಬೇಸ್ ಕಾಲಿಂಗ್. ಬೆಂಕಿ ಐತಿ. ಒಳಗ ಹೋಗಬ್ಯಾಡ್ರಿ. ಗಾಡಿ ನಿಂದ್ರಸ್ರಿ, ಓವರ್."

ಸ್ಪೀಕರು ಸುಮ್ಮನಿತ್ತು. ಮತ್ತೆ ಕರೆದೆ. ಮೂರನೆಯ ಸಲ ಕರೆಯುವಾಗ ಕಲಿಸಿಕೊಟ್ಟ ಮಾತೆಲ್ಲ ಮರೆತುಹೋಯಿತು. "ಅಪ್ಪಾ! ನಿಂದ್ರು ಅಪ್ಪಾ, ಒಳಗ ಹೋಗಬ್ಯಾಡ! ಬೆಂಕಿ ಐತಿ!"

ಆಗ ಉತ್ತರ ಬಂತು. ಎಂಜಿನ್ನಿನ ಸದ್ದಿನ ನಡುವೆ ಅಪ್ಪನ ದನಿ, ಶಾಂತವಾಗಿ. "ಹೂಂ, ಹೊಂಟೇನಿ. ಒಳಗ ಹೊಂಟೇನಿ. ಮುಟ್ಟಿದ ಮ್ಯಾಲ ಹೇಳ್ತೇನಿ, ಓವರ್."

ಆ ಮಾತು ಇಂದಿಗೂ ನನಗೆ ಹಾಗೇ ಕೇಳಿಸುತ್ತದೆ. ನಾನು ಹೋಗಬೇಡ ಎನ್ನುತ್ತಿದ್ದೆ. ಅವನು ಹೊರಟಿದ್ದೇನೆ ಎನ್ನುತ್ತಿದ್ದ. ನನಗೆ ಹುಚ್ಚು ಹಿಡಿದಂತಾಯಿತು. ನನ್ನ ಚೀರಾಟ ಕೇಳಿ, ಕಬ್ಬು ತೂಗುವ ಕಾಟಾದ ಕ್ಲಾರ್ಕರು ಓಡಿಬಂದರು. ದಪ್ಪ ದನಿಯ ಮನುಷ್ಯ. ಲೌಡ್‌ಸ್ಪೀಕರ್ ಇಲ್ಲದೆಯೇ ಯಾರ್ಡಿನ ಆ ತುದಿಯ ಟ್ರ್ಯಾಕ್ಟರನ್ನು ಕರೆಯುತ್ತಿದ್ದವರು. ನಾನು ಒಂದೇ ಉಸಿರಿಗೆ ವಿಷಯ ಹೇಳಿದೆ. ಅವರು ಮೈಕ್ ಕಸಿದುಕೊಂಡರು.

"ಡ್ರೈವರ್ ಕಾಕಾ, ಬೆಂಕಿ ಐತಿ. ಹೊಳ್ಳಿ ಬರ್ರಿ, ಓವರ್."

"ಬೆಂಕಿ?" ಅಪ್ಪ ಕೂಡಲೇ ಅಂದ. "ಎಲ್ಲೈತ್ರಿ? ನಾ ಆಗಲೇ ಪಡದ ಒಳಗ ಅದೇನಿ. ತಿರುಗಸಾಕ ಜಾಗಾ ಇಲ್ಲ."

"ರಿವರ್ಸ್ ಹೊಡೀರಿ! ಲಗೂನ!"

ಉತ್ತರ ಬರಲಿಲ್ಲ. ಬದಲಿಗೆ ಸ್ಪೀಕರಿನಲ್ಲಿ ಒಂದು ಸದ್ದು ಶುರುವಾಯಿತು. ಮೈಕ್ ಎಲ್ಲೋ ಬಿದ್ದು ಅದರ ಗುಂಡಿ ಒತ್ತಿಕೊಂಡಿತ್ತೆಂದು ಆಮೇಲೆ ತಿಳಿಯಿತು. ಮೊದಲು ಎಂಜಿನ್ ಏರುವ ಸದ್ದು, ಗಾಲಿ ಕೆಸರಿನಲ್ಲಿ ತಿರುಗುವ ಸದ್ದು, ಬಾಗಿಲು ಬಡಿದದ್ದು. ಆಮೇಲೆ ಮನುಷ್ಯರ ಸದ್ದು ಯಾವುದೂ ಇಲ್ಲ. ಪಟ್ ಪಟ್ ಎಂದು ಕಬ್ಬಿನ ಗಣಿಕೆ ಸಿಡಿಯುವುದು ಮಾತ್ರ, ಮೊದಲು ದೂರದಲ್ಲಿ, ಆಮೇಲೆ ಹತ್ತಿರ, ಆಮೇಲೆ ಕೋಣೆಯೊಳಗೇ ಸಿಡಿಯುತ್ತಿರುವಂತೆ. ಅವನ ಗುಂಡಿ ಒತ್ತಿಕೊಂಡಿರುವವರೆಗೆ ನಮ್ಮ ಮಾತು ಆ ಕಡೆ ಹೋಗುವಂತಿರಲಿಲ್ಲ. ನಾನೂ ಕ್ಲಾರ್ಕರೂ ಆ ಪೆಟ್ಟಿಗೆಯ ಮುಂದೆ ನಿಂತು ಕೇಳುತ್ತಿದ್ದೆವು, ಅಷ್ಟೇ. ಒಮ್ಮೆಲೇ ಅದು ನಿಂತಿತು. ಆ ನಿಶ್ಶಬ್ದಕ್ಕಿಂತ ಆ ಸದ್ದೇ ಮೇಲಾಗಿತ್ತು.

ಅಪ್ಪ ಬದುಕಿದ. ಹಿಂದಕ್ಕೆ ಹೊಡೆಯುವಾಗ ಗಾಲಿ ಹೊಲದ ಕಾಲುವೆಗೆ ಇಳಿದು ಸಿಕ್ಕಿಕೊಂಡಿತ್ತು. ಅದೇ ಅವನನ್ನು ಉಳಿಸಿತು. ಅಂದು ಆ ಹೊಲಕ್ಕೆ ನೀರು ಬಿಟ್ಟಿದ್ದರು. ಅಪ್ಪ ಗಾಡಿ ಬಿಟ್ಟು ಕಾಲುವೆಗುಂಟ ಓಡಿ, ಹೊಗೆಗೆ ಉಸಿರು ಕಟ್ಟಿದಾಗ ಆ ನೀರಿನಲ್ಲೇ ಬೋರಲಾಗಿ ಮಲಗಿದ. ಬೆಂಕಿ ಅವನ ಮೇಲಿನಿಂದ ದಾಟಿತು. ಹಿಂದೆ ಡೀಸೆಲ್ ಹೊತ್ತಿ ಪಿಕಪ್ಪು ಸುಟ್ಟು ಕರಕಲಾಯಿತು. ಊರಿನವರು ಹೋಗಿ ಎತ್ತಿಕೊಂಡು ಬಂದಾಗ ಕೈಗಳ ಹಿಂಭಾಗ, ಕಿವಿ, ಕತ್ತು ಬೆಂದಿದ್ದವು. ಕಣ್ಣು ತೆರೆಯಲು ಆಗುತ್ತಿರಲಿಲ್ಲ.

ನಾನು ಜಮಖಂಡಿಯ ದವಾಖಾನೆ ಮುಟ್ಟಿದಾಗ ಅವ್ವ ಆಗಲೇ ಬಂದಿದ್ದಳು. ಅಪ್ಪನ ಕೈಗಳಿಗೆ ಬಿಳಿ ಬಟ್ಟೆ, ಎರಡೂ ಕಣ್ಣಿನ ಮೇಲೆ ಹತ್ತಿ ಇಟ್ಟು ಕಟ್ಟಿದ ಪಟ್ಟಿ. ನಾನು ಮಂಚದ ಪಕ್ಕ ಕೂತು, "ಅಪ್ಪಾ, ಬಂದೇನಿ," ಅಂದೆ. ಅವನು ಅಂದು ಬಸ್ಸಿನಲ್ಲಿ ಮಾಡಿದಂತೆಯೇ ನನ್ನ ಕಡೆ ತಿರುಗದೆ, ಮುಖ ಮೇಲಕ್ಕೆ ಮಾಡಿ ಮಲಗಿದ್ದ. ಈಗಲೂ ನನ್ನ ಮೇಲೆ ಮುನಿಸೇ ಎಂದುಕೊಂಡೆ. "ಅಪ್ಪಾ, ನಾ ಎಷ್ಟ ಕರದ್ನಿ ನಿನಗ. ಒಮ್ಮೆರ ನನ್ನ ಮಾತ ಕೇಳಿದ್ರ..."

ನಾನು ಇನ್ನೂ ಮಾತಾಡುತ್ತಿರುವಾಗಲೇ ಅಪ್ಪ ತುಟಿ ತೆರೆದು, ಮೇಲಿನ ಛತ್ತಿಗೆ ಹೇಳುವಂತೆ ಕೇಳಿದ.

"ಯಾರರ ಅದೀರೇನು ಇಲ್ಲಿ? ನನ್ನ ಮಗಳಿಗೆ ಸುದ್ದಿ ಮುಟ್ಟೇತೇನು? ಆಕಿ ಇನ್ನೂ ಯಾಕ ಬಂದಿಲ್ಲ?"

ಅವ್ವ ನನ್ನ ಮುಖ ನೋಡಿದಳು. "ಇಲ್ಲೇ ಕುಂತಾಳಲ್ರೀ, ನಿಮ್ಮ ಮಗ್ಗಲಕ್ಕ," ಅಂದಳು. ಅಪ್ಪ ಅದಕ್ಕೂ ಉತ್ತರ ಕೊಡಲಿಲ್ಲ. ಮತ್ತೆ ಅದನ್ನೇ ಕೇಳಿದ. ಅಷ್ಟರಲ್ಲಿ ನನ್ನ ಹಿಂದೆ ಬಂದಿದ್ದ ಕಾಟಾ ಕ್ಲಾರ್ಕರು ಬಾಗಿಲಲ್ಲಿ ನಿಂತು, "ಹೆಂಗದೀರಿ ಕಾಕಾ?" ಅಂದರು. ಅಪ್ಪ ತಟ್ಟನೆ ಆ ಕಡೆ ಮುಖ ತಿರುಗಿಸಿದ. "ಜೀವಂತ ಅದೇನ್ರಿ. ನನ್ನ ಮಗಳ ಎಲ್ಲಿ?"

ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಅಪ್ಪನಿಗೆ ನಮ್ಮ ತುಟಿ ಕಾಣುತ್ತಿರಲಿಲ್ಲ. ತುಟಿ ಕಾಣದ ಮೇಲೆ ಅವನ ಪಾಲಿಗೆ ನಾನೂ ಅವ್ವನೂ ಅಲ್ಲಿ ಇರಲೇ ಇಲ್ಲ. ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿದ ವರ್ಷಗಳಲ್ಲಿ ಅವನ ಕಿವಿಯಿಂದ ತೆಳ್ಳನೆಯ ದನಿಗಳೆಲ್ಲ ಒಂದೊಂದಾಗಿ ಹೋಗಿದ್ದವು. ದಪ್ಪ ದನಿಯ ಗಂಡಸರ ಮಾತು ಉಳಿದಿತ್ತು. ಹೆಂಡತಿಯ ಮಾತು, ಮಗಳ ಮಾತು ಮೊದಲು ಹೋಗಿದ್ದವು. ಅದನ್ನು ಮೀರಜಿನ ಕಿವಿ ಡಾಕ್ಟರರು ಆಮೇಲೆ ನಮಗೆ ವಿವರಿಸಿ ಹೇಳಿದರು. ಆದರೆ ನನಗೂ ಅವ್ವನಿಗೂ ತಿಳಿದದ್ದು ಆ ಮಂಚದ ಪಕ್ಕದಲ್ಲೇ.

ಅವ್ವ ಗೋಡೆಗೆ ಆತು ನೆಲದ ಮೇಲೆ ಕೂತಳು. "ಸೊಕ್ಕ ಅಂತ ತಿಳದಿದ್ನಲ್ಲಾ," ಅಂದಳು. "ಇಷ್ಟ ವರ್ಷ ಬೈಕೋತ ಬಂದ್ನೆ. ಅದೂ ಕೇಳಿಲ್ಲ ಅವಂಗ."

ನಾನು ಅಪ್ಪನ ಮೊಣಕೈ ಮೇಲೆ, ಬೇಯದೆ ಉಳಿದಿದ್ದ ಜಾಗದಲ್ಲಿ, ಕೈ ಇಟ್ಟೆ. ನನ್ನ ಬಳೆ ತಾಗಿತು. ಅವನು ಬಟ್ಟೆ ಸುತ್ತಿದ ಕೈಯಿಂದ ಆ ಬಳೆಗಳನ್ನು ತಡವಿ, "ಬಂದ್ಯಾ ಯವ್ವಾ?" ಅಂದ. ನಾನು ಹೂಂ ಅಂದೆ. ಆಮೇಲೆ ನೆನಪಾಗಿ ಅವನ ತೋಳನ್ನು ಗಟ್ಟಿಯಾಗಿ ಅದುಮಿದೆ.

ಪಟ್ಟಿ ಬಿಚ್ಚಿದ ಮೇಲೆ, ನನ್ನ ಬಾಯಿ ನೋಡುತ್ತ, ಅವನು ಎಲ್ಲವನ್ನೂ ಹೇಳಿದ. ಸೆಟ್ಟಿನಲ್ಲಿ ನನ್ನ ದನಿ ಬಂದರೆ ಗೋಡೆಯ ಆಚೆ ಯಾರೋ ಮಾತಾಡಿದಂತೆ ಗುಂಯ್ ಎನ್ನುತ್ತಿತ್ತಂತೆ. ಏನೋ ಬಂತು ಎಂಬುದಷ್ಟೇ ಗೊತ್ತಾಗುತ್ತಿತ್ತು. ಅದಕ್ಕೇ "ಹೊಂಟೇನಿ" ಅನ್ನುವುದನ್ನು ರೂಢಿ ಮಾಡಿಕೊಂಡಿದ್ದ. ಯಾವ ಗಾಡಿಯನ್ನು ಕೇಳಿದರೂ ಬಹುಪಾಲು ಅದೇ ಉತ್ತರವಲ್ಲವೇ ಎಂದು. "ಕಿವಿ ಹೋಗೇತಿ ಅಂದ್ರ ಗಾಡಿ ಕಸಗೋತಾರ," ಅಂದ. "ಮತ್ತ ಮಗ್ಗಕ್ಕ ಹೋಗಬೇಕಾಗ್ತಿತ್ತು. ನಾ ಆ ಶೆಡ್ಡಿನಾಗ ಮತ್ತ ಕಾಲ ಇಡಾವಲ್ಲ ಯವ್ವಾ."

ಗಾಡಿ ಹೇಗೂ ಹೋಯಿತು. ಒಂದು ಕಣ್ಣು ಸರಿಯಾಯಿತು, ಇನ್ನೊಂದು ಮಸುಕಾಗಿಯೇ ಉಳಿಯಿತು. ಕಾರ್ಖಾನೆಯವರು ಗೇಟಿನಲ್ಲಿ ಕೂರಲು ಕರೆದರು, ಅವನು ಹೋಗಲಿಲ್ಲ. ಮೀರಜಿನಲ್ಲಿ ಕಿವಿಗೆ ಮಷಿನ್ ಕೊಡಿಸಿದೆವು. ಬನಹಟ್ಟಿಗೆ ಬಂದು ಬಸ್ಸಿಳಿದ ಕೂಡಲೇ ಅದನ್ನು ಕಿತ್ತು ನನ್ನ ಕೈಗೆ ಕೊಟ್ಟ. ಓಣಿಯ ಮಗ್ಗಗಳೆಲ್ಲ ತಲೆಯೊಳಗೆ ಬಡಿಯುತ್ತವೆ ಅಂದ. ಆಮೇಲೆ ಅದನ್ನು ಹಾಕಿಕೊಳ್ಳಲೇ ಇಲ್ಲ. ಅವ್ವನ ಎದುರು ಕೂತು ಕಂಡಿಕಿ ಸುತ್ತುತ್ತಿದ್ದ. ಅವ್ವ ಈಗ ಮಾತಾಡುವ ಮೊದಲು ಅವನ ಮೊಣಕಾಲು ತಟ್ಟುತ್ತಿದ್ದಳು.

ಮುಂದಿನ ಹಂಗಾಮಿಗೆ ಹೊಸ ಪಿಕಪ್ಪು ಬಂತು. ಹುಬ್ಬಳ್ಳಿಯ ಫಿಟ್ಟರನ್ನು ಕರೆಸಲಿಲ್ಲ; ತೂತು ಕೊರೆದು, ಕಡ್ಡಿ ನೆಟ್ಟು, ಸೆಟ್ಟು ಬಿಗಿದವಳು ನಾನೊಬ್ಬಳೇ. ಆಮೇಲೆ ಸಾಹೇಬರ ಮುಂದೆ ಒಂದು ಮಾತು ಇಟ್ಟೆ: ಗಾಡಿ ಕೊಡುವ ಮೊದಲು ಪ್ರತಿ ಡ್ರೈವರನ್ನೂ ನಾನು ಪರೀಕ್ಷೆ ಮಾಡುತ್ತೇನೆ. ಅವರು ಒಪ್ಪಿದರು. ಡ್ರೈವರ್ ನನಗೆ ಬೆನ್ನು ಮಾಡಿ ನಿಲ್ಲಬೇಕು, ನಾನು ಹಿಂದಿನಿಂದ ಸಾದಾ ದನಿಯಲ್ಲಿ ಹೇಳಿದ್ದಕ್ಕೆ ಉತ್ತರ ಕೊಡಬೇಕು, ಅಷ್ಟೇ. ಮೊದಲಿನವರು ನಕ್ಕೋತ ಬಂದರು, ನಕ್ಕೋತ ಹೋದರು.

ಹೊಸ ಪಿಕಪ್ಪಿನ ಡ್ರೈವರ್ ರಬಕವಿಯವನು. ಅಪ್ಪನಿಗಿಂತ ಎಷ್ಟೋ ಸಣ್ಣವನು, ಮನೆಯಲ್ಲಿ ಸಣ್ಣ ಮಕ್ಕಳಿದ್ದವು. ಎದುರಿಗೆ ನಿಂತಾಗ ಎಲ್ಲದಕ್ಕೂ ಚುರುಕಾಗಿ ಉತ್ತರ ಕೊಟ್ಟ. ಮಾತಾಡುವಾಗ ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದ. "ಮದಲ ಎಲ್ಲಿ ಕೆಲಸ ಮಾಡ್ತಿದ್ರಿ?" ಎಂದು ಕೇಳಿದೆ.

"ಲೂಮಿನ್ಯಾಗ ಇದ್ನಿರಿ ಅಕ್ಕಾರ."

ತಿರುಗಿ ನಿಲ್ಲಲು ಹೇಳಿದೆ. ತಿರುಗಿದ. ಅವನ ಹಿಂದೆ ಎರಡು ಹೆಜ್ಜೆಯಲ್ಲಿ ನಿಂತು, "ಗಾಡಿ ಕೀಲಿ ಇಲ್ಲೈತಿ, ತಗೋರಿ," ಅಂದೆ. ಅವನು ಚಿಮಣಿಯ ಕಡೆ ನೋಡುತ್ತ ನಿಂತೇ ಇದ್ದ. ಮತ್ತೆ ಹೇಳಿದೆ. ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ. ಕಡೆಗೆ ಅವನೇ ಅನುಮಾನ ಬಂದು ಮೆಲ್ಲಗೆ ತಿರುಗಿ ನನ್ನ ಮುಖ ಕಂಡ. ನಾನು ಏನೂ ಹೇಳಬೇಕಾಗಿರಲಿಲ್ಲ.

"ಅಕ್ಕಾರ," ಅಂದ, "ಸಾಹೇಬ್ರಿಗೆ ಹೇಳಬ್ಯಾಡ್ರಿ. ಗಂಡಸರದ್ದು ಎಲ್ಲಾ ಕೇಳಸ್ತೈತ್ರಿ ನನಗ. ಖರೆ."

ನಾನು ಸಾಹೇಬರಿಗೆ ಹೇಳಿದೆ. ಅವನಿಗೆ ಗಾಡಿ ಸಿಗಲಿಲ್ಲ. ಕೆಲಸದಿಂದ ತೆಗೆಯಬಾರದು ಎಂದು ಬೇಡಿಕೊಂಡದ್ದಕ್ಕೆ ಯಾರ್ಡಿನಲ್ಲಿ ಟ್ರ್ಯಾಕ್ಟರುಗಳ ಸಾಲು ಹಚ್ಚುವ ಕೆಲಸ ಕೊಟ್ಟರು. ಅವನ ದಾರಿ ನನ್ನ ಕೋಣೆಯ ಮುಂದೆಯೇ. ನಾನು ಕಿಟಕಿಯಲ್ಲಿ ಕಂಡರೆ ಮುಖವನ್ನು ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದ. ಹಾಗೆ ತಿರುಗಿಸಿದರೆ ನನ್ನ ಮಾತು ಅವನಿಗೆ ಮುಟ್ಟುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಅವನು ದಾಟಿ ಹೋಗುವಾಗಲೆಲ್ಲ ಊಟ ಆಯಿತೇ, ಮಕ್ಕಳು ಹೇಗಿದ್ದಾರೆ ಎಂದು ಏನಾದರೊಂದು ಕೇಳಿಯೇ ಕೇಳುತ್ತಿದ್ದೆ.